ಕಡಲ ದಂಡೆಯಲ್ಲಿ ನಾಲ್ಕು ದಿನ

“ಅಮ್ಮಿ, ನೀವೆಲ್ಲ ಹೋಗಿ ಬನ್ನಿ. ನಾನು ಮನೆಯಲ್ಲಿ ಮಲಗಿರುತ್ತೇನೆ.”

ಎಂ.ಬಿ.ಬಿ.ಎಸ್. ಎರಡನೇ ಹಂತದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಮುಗಿಸಿ ಬಂದ ಸಂಜೆ ನನ್ನ ದೊಡ್ಡ ಮಗಳು ಹೇಳಿದ ಮಾತಿದು. ಬ್ಯಾಗನ್ನು ಬಾಗಿಲ ಬಳಿಯೇ ಇಳಿಸಿ, ಕೈಕಾಲು ತೊಳೆದು, ಕೊಟ್ಟ ಚಹಾವನ್ನೂ ಪೂರ್ತಿ ಕುಡಿಯದೆ ಹಾಸಿಗೆಗೆ ಹೋದಳು. ತಲೆದಿಂಬಿನ ಮೇಲೆ ಉದುರಿ ಬಿದ್ದ ಕೂದಲನ್ನು ನಾನು ಅನೇಕ ತಿಂಗಳುಗಳಿಂದ ಗುಡಿಸಿ ಎಸೆಯುತ್ತಿದ್ದೆ. ಪರೀಕ್ಷೆ ಮುಗಿದರೆ ಎಲ್ಲವೂ ಸರಿಯಾಗುತ್ತದೆ ಎಂದು ನಂಬಿದ್ದೆ. ಪರೀಕ್ಷೆ ಮುಗಿದಿತ್ತು, ಆದರೆ ಅವಳ ಮುಖ ಹಾಗೆಯೇ ಇತ್ತು.

ಮೈಸೂರಿಗೂ ವೈದ್ಯಕೀಯ ಶಿಕ್ಷಣಕ್ಕೂ ಹಳೆಯ ನಂಟು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು 2024ರಲ್ಲಿ ನೂರು ವರ್ಷ ಪೂರೈಸಿತು. ಈಗ ನಗರದಲ್ಲಿ ಒಂದಕ್ಕಿಂತ ಹೆಚ್ಚು ಮೆಡಿಕಲ್ ಕಾಲೇಜುಗಳಿವೆ. ಅವುಗಳಲ್ಲೊಂದರಲ್ಲಿ ನನ್ನ ಮಗಳಿಗೆ ಸೀಟು ಸಿಕ್ಕಿದ ದಿನ ನಮ್ಮ ಮೊಹಲ್ಲಾದಲ್ಲಿ ಹಬ್ಬದ ವಾತಾವರಣವಿತ್ತು. ಮನೆ ಮನೆಗೆ ಮಿಠಾಯಿ ಹಂಚಿದೆವು. ಮದ್ರಸದಲ್ಲಿ ನನ್ನ ಬಳಿ ಕಲಿಯುವ ಪುಟ್ಟ ಹುಡುಗಿಯರೆಲ್ಲ “ನಾವೂ ಬಾಜಿಯ ಹಾಗೆ ಡಾಕ್ಟರ್ ಆಗುತ್ತೇವೆ” ಎಂದರು. ನಾನು ಸಂತೋಷದಿಂದ ಬೀಗಿದೆ. ಆ ಬಿಳಿ ಕೋಟು ನನ್ನ ಮಗಳ ಹೆಗಲ ಮೇಲೆ ಎಷ್ಟು ಭಾರವಾಗಿದೆಯೆಂದು ಯೋಚಿಸಲು ನನಗೆ ಹೊಳೆಯಲೇ ಇಲ್ಲ.

ಮುಂದಿನ ತರಗತಿಗಳು ಆರಂಭವಾಗಲು ಎಂಟು ದಿನವಷ್ಟೇ ಇತ್ತು. ನನ್ನ ಪತಿ ತಮ್ಮ ಅಂಗಡಿಯನ್ನು ನಾಲ್ಕು ದಿನ ಮುಚ್ಚುತ್ತೇನೆ ಎಂದಾಗ ಮನೆಯವರೆಲ್ಲ ಆಶ್ಚರ್ಯಪಟ್ಟೆವು. “ಅವಳನ್ನು ಕಡಲು ತೋರಿಸಲು ಕರೆದುಕೊಂಡು ಹೋಗೋಣ” ಎಂದರು. ನಮ್ಮ ಅತ್ತೆಗೆ ಎಪ್ಪತ್ತೆರಡು ವರ್ಷ. ಅವರು ಅದುವರೆಗೆ ಕಡಲನ್ನೇ ನೋಡಿರಲಿಲ್ಲ. ನಾವು ಮೈಸೂರಿನವರಿಗೆ ಕಡಲೆಂದರೆ ಕೆ.ಆರ್.ಎಸ್. ಹಿನ್ನೀರು, ಅಷ್ಟೆ. ದಾದಿ ಬರುತ್ತಾರೆಂದು ತಿಳಿದ ಮೇಲೆ ಮಗಳೂ ಒಪ್ಪಿದಳು.

ಮೈಸೂರಿನಿಂದ ಕಡಲಿಗೆ ಹೋಗಲು ಹಲವು ದಾರಿಗಳಿವೆ. ಬಂಡೀಪುರದ ಮೂಲಕ ಕೋಝಿಕ್ಕೋಡಿಗೆ ಹೋಗಬಹುದು. ಆದರೆ ಆ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರಕ್ಕೆ ನಿರ್ಬಂಧವಿದೆ. ನಾವು ಮಡಿಕೇರಿಯ ಮೂಲಕ ಮಂಗಳೂರಿಗೆ ಹೋಗುವ ದಾರಿಯನ್ನು ಆರಿಸಿಕೊಂಡೆವು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಾನು ಮದ್ರಸ ಶಿಕ್ಷಣ ಮುಗಿಸಿ, ಮದುವೆಯಾಗಿ, ಮಕ್ಕಳಾದ ಬಳಿಕ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಓದಿದವಳು. ಮಾನಸಗಂಗೋತ್ರಿಯ ಪಕ್ಕದಲ್ಲಿ ನಡೆಯುತ್ತಿದ್ದ ಸಂಪರ್ಕ ತರಗತಿಗಳಿಗೆ ಉಳ್ಳಾಲದ ಕಡೆಯ ಸಹೋದರಿಯೊಬ್ಬಳು ಬರುತ್ತಿದ್ದಳು. ನಮ್ಮ ಮನೆಯ ಮಾತು ದಖ್ಖನಿ, ಅವಳ ಮನೆಯ ಮಾತು ಬ್ಯಾರಿ. ನಮ್ಮಿಬ್ಬರನ್ನು ಗೆಳತಿಯರನ್ನಾಗಿ ಮಾಡಿದ್ದು ಕನ್ನಡ. “ಕಡಲ ಹತ್ತಿರ ನಮ್ಮ ಸಂಬಂಧಿಕರ ಸಣ್ಣ ಮನೆಯೊಂದು ಖಾಲಿ ಇದೆ, ಯಾವಾಗ ಬೇಕಾದರೂ ಬಾ” ಎಂದು ಅವಳು ವರ್ಷಗಳಿಂದ ಕರೆಯುತ್ತಿದ್ದಳು.

ನಾನು ಶಿಕ್ಷಕಿ. ಯಾವುದನ್ನೂ ಪಟ್ಟಿ ಮಾಡದೆ ನನಗೆ ಗೊತ್ತಿಲ್ಲ. ನಾಲ್ಕು ದಿನಕ್ಕೆ ಒಂದು ವೇಳಾಪಟ್ಟಿ ಬರೆದೆ. ಮೊದಲ ದಿನ ಪಣಂಬೂರು. ಎರಡನೇ ದಿನ ಮಲ್ಪೆ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. ಲಾವಾರಸ ತಣಿದು ಕಂಬಗಳಂತೆ ನಿಂತ ಅಲ್ಲಿನ ಬಂಡೆಗಳನ್ನು ಮಗನಿಗೆ ತೋರಿಸಬೇಕೆಂದಿದ್ದೆ, ಅವನ ಪಾಠದಲ್ಲಿ ಅದು ಇದೆ. ಮೂರನೇ ದಿನ ಕಾಸರಗೋಡಿನ ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಮತ್ತು ಬೇಕಲ ಕೋಟೆ. ನಾಲ್ಕನೇ ದಿನ ಪಿಲಿಕುಳ. ಇದೂ ಸಾಲದೆಂಬಂತೆ, ಬಟ್ಟೆಗಳ ಕೆಳಗೆ ಮಗಳ ದಪ್ಪ ಮೆಡಿಸಿನ್ ಪುಸ್ತಕವನ್ನೂ ಇಟ್ಟೆ. ಮುಂದಿನ ವರ್ಷದ ಪಾಠ, ಸುಮ್ಮನೆ ಕುಳಿತಾಗ ನಾಲ್ಕು ಪುಟ ಓದಿಕೊಳ್ಳಲಿ ಎಂದು.

ಜನವರಿಯ ಒಂದು ಮುಂಜಾನೆ ಫಜ್ರ್ ನಮಾಝ್ ಮುಗಿಸಿ ಬಾಡಿಗೆ ಕಾರಿನಲ್ಲಿ ಹೊರಟೆವು. ದಾರಿ ಸುಮಾರು 250 ಕಿ.ಮೀ. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದಲ್ಲಿ ಬುತ್ತಿ ಬಿಚ್ಚಿದೆವು. ಚಪಾತಿ, ಖೀಮಾ, ಮಗನಿಗೆ ಬೇಯಿಸಿದ ಮೊಟ್ಟೆ. ದಾದಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರ ಮಾತ್ರೆಗಳನ್ನು ಡಿಕ್ಕಿಯ ಪೆಟ್ಟಿಗೆಯಲ್ಲಿಡದೆ ನನ್ನ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆಯ ಕಡೆಗೆ ಇಳಿಯುವ ಘಾಟಿಯಲ್ಲಿ ತಿರುವಿನ ಮೇಲೆ ತಿರುವು. 2018ರ ಆಗಸ್ಟ್ ತಿಂಗಳ ಮಳೆಗೆ ಇಲ್ಲಿ ಗುಡ್ಡಗಳು ಕುಸಿದು ಮನೆಗಳೂ ರಸ್ತೆಯೂ ಕೊಚ್ಚಿಹೋದದ್ದನ್ನು ಚಾಲಕ ನೆನಪಿಸಿದ. ಮಗನಿಗೆ ವಾಕರಿಕೆ ಶುರುವಾಯಿತು. ಅದುವರೆಗೆ ಕಿಟಕಿಗೆ ತಲೆಯಾನಿಸಿ ನಿದ್ದೆಯಲ್ಲಿದ್ದ ಮಗಳು ಎದ್ದು ಅವನನ್ನು ಮುಂದಿನ ಸೀಟಿಗೆ ಕಳುಹಿಸಿದಳು. “ಮೊಬೈಲ್ ನೋಡಬೇಡ, ದೂರದ ರಸ್ತೆಯನ್ನು ನೋಡು” ಎಂದಳು. ಕಿವಿಗೂ ಕಣ್ಣಿಗೂ ಬೇರೆ ಬೇರೆ ಸುದ್ದಿ ಹೋದರೆ ಮೆದುಳು ಗೊಂದಲಕ್ಕೊಳಗಾಗುತ್ತದೆ, ದೂರಕ್ಕೆ ನೋಡಿದರೆ ಎರಡೂ ಹೊಂದಿಕೊಳ್ಳುತ್ತವೆ ಎಂದು ವಿವರಿಸಿ ಮತ್ತೆ ಮಲಗಿದಳು. ಸುಳ್ಯ, ಪುತ್ತೂರು, ಬಂಟ್ವಾಳ ಯಾವುದನ್ನೂ ಅವಳು ನೋಡಲಿಲ್ಲ. ನೇತ್ರಾವತಿ ಸೇತುವೆಯ ಮೇಲೆ ನಾನು ಅವಳನ್ನು ಎಬ್ಬಿಸಲು ಹೋದೆ. ನನ್ನ ಪತಿ ಬೇಡವೆಂದು ಸನ್ನೆ ಮಾಡಿದರು.

ಗೆಳತಿಯ ಮನೆಯಲ್ಲಿ ನಮಗಾಗಿ ಪತ್ತಿರಿ, ಕೋಳಿ ಸಾರು, ಬಂಗುಡೆ ಮೀನು, ಸಿಗಡಿ ಎಲ್ಲವೂ ಸಿದ್ಧವಾಗಿದ್ದವು. ಹನಫಿ ಮನೆತನದ ನಮ್ಮ ಅತ್ತೆ ಸಿಗಡಿಯ ಪಾತ್ರೆಯನ್ನು ಮೆಲ್ಲನೆ ಆಚೆ ಸರಿಸಿದರು. ಶಾಫಿ ಮನೆತನದ ಗೆಳತಿ ನಗುತ್ತಾ ಮೀನಿನ ಪಾತ್ರೆಯನ್ನು ಈಚೆ ಸರಿಸಿದಳು. ಅವರ ಅಸ್ರ್ ನಮ್ಮದಕ್ಕಿಂತ ಮುಂಚೆ. ಭಾಷೆ ಬೇರೆ, ಅಡುಗೆ ಬೇರೆ. ಆದರೂ ಅರ್ಧ ಗಂಟೆಯಲ್ಲಿ ಅತ್ತೆಯೂ ಗೆಳತಿಯ ತಾಯಿಯೂ ಹರಕು ಮುರುಕು ಕನ್ನಡದಲ್ಲಿ ಮಂಡಿನೋವಿನ ಬಗ್ಗೆ ಮಾತಿಗಿಳಿದಿದ್ದರು.

ಅಷ್ಟರಲ್ಲಿ ನೆರೆಮನೆಯ ಇಬ್ಬರು ಹೆಂಗಸರು ಬಂದರು. “ನನ್ನ ಮಗಳು ಎಂ.ಬಿ.ಬಿ.ಎಸ್. ಓದುತ್ತಿದ್ದಾಳೆ” ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವರಲ್ಲೊಬ್ಬರು ಕೂಡಲೇ ಮನೆಗೆ ಹೋಗಿ ರಕ್ತ ಪರೀಕ್ಷೆಯ ರಿಪೋರ್ಟ್ ತಂದರು. ಇನ್ನೊಬ್ಬರು ತಮ್ಮ ಎದೆಯುರಿಯ ಕಥೆ ಆರಂಭಿಸಿದರು. ಮಗಳು ಕೈ ಒರೆಸಿಕೊಂಡು ರಿಪೋರ್ಟ್ ತೆಗೆದುಕೊಂಡಳು. ಆ ಕ್ಷಣದಲ್ಲಿ ಅವಳ ಮುಖ ಬಾಡಿದ್ದನ್ನು ನಾನು ನೋಡಿದೆ, ಆದರೆ ಸುಮ್ಮನಿದ್ದೆ. ಗೆಳತಿ ಮಾತ್ರ ಬಂದು ಆ ಕಾಗದವನ್ನು ಅವಳ ಕೈಯಿಂದ ಮೃದುವಾಗಿ ತೆಗೆದುಕೊಂಡಳು. “ಇವಳು ರಜೆಯಲ್ಲಿದ್ದಾಳೆ. ನಿಮ್ಮ ಡಾಕ್ಟರರಿಗೇ ತೋರಿಸಿ” ಎಂದಳು. ಅವರೂ ಬೇಸರಪಡದೆ ನಕ್ಕು ಸುಮ್ಮನಾದರು. ನಾನು ಹೇಳಬೇಕಾಗಿದ್ದ ಮಾತನ್ನು ಇನ್ನೊಬ್ಬಳು ಹೇಳಿದಳಲ್ಲ ಎಂದು ನನಗೆ ನಾಚಿಕೆಯಾಯಿತು.

ಸಂಜೆ ಕಡಲಿಗೆ ನಡೆದು ಹೋದೆವು. ತೆಂಗಿನ ತೋಟದ ಸಂದಿಯಿಂದ ಹೊರಬರುತ್ತಿದ್ದಂತೆ ಕಣ್ಣು ಹಾಯಿಸಿದಷ್ಟು ದೂರ ನೀರು. ಅತ್ತೆ ಅಲ್ಲಿಯೇ ನಿಂತುಬಿಟ್ಟರು. “ಸುಬ್ಹಾನಲ್ಲಾಹ್, ಇದಕ್ಕೆ ಆಚೆ ದಡವೇ ಇಲ್ಲವಾ?” ಎಂದರು. ಮಗ, “ಇದೆ ದಾದಿ. ಆಚೆ ದಡದಲ್ಲಿ ಅರಬ್ ದೇಶ” ಎಂದ. ಮಗ್ರಿಬ್‌ಗೆ ಮರಳಿನ ಮೇಲೆ ಚಾಪೆ ಹಾಸಿದಾಗ ಅವರಿಗೆ ಇನ್ನೊಂದು ಅಚ್ಚರಿ ಕಾದಿತ್ತು. ನಮ್ಮ ನಾಡಿನಿಂದ ಕಿಬ್ಲಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿಕೊಂಡು ಇದೆ. ಅಂದರೆ ಇಲ್ಲಿ ನಮಾಝಿಗೆ ನಿಂತರೆ ಎದುರಿಗೆ ಗೋಡೆಯಿಲ್ಲ, ಬರೇ ಕಡಲು. ನಮಾಝ್ ಮುಗಿಸಿದ ಅತ್ತೆ ಬಹಳ ಹೊತ್ತು ಏಳಲಿಲ್ಲ. ಅವರ ತಂದೆ ಬೊಂಬಾಯಿಯಿಂದ ಹಡಗಿನಲ್ಲಿ ಹಜ್ಜಿಗೆ ಹೋದವರು. ಆ ಹಡಗುಗಳು 1995ರ ನಂತರ ನಿಂತುಹೋದವು, ಈಗ ಎಲ್ಲರದೂ ವಿಮಾನ ಪ್ರಯಾಣ. “ನನ್ನ ಅಬ್ಬಾ ಹೋದದ್ದು ಇದೇ ನೀರಿನ ಮೇಲೆ” ಎಂದು ಅತ್ತೆ ತಮ್ಮಷ್ಟಕ್ಕೆ ಹೇಳಿಕೊಂಡರು.

ಮರುದಿನ ನನ್ನ ವೇಳಾಪಟ್ಟಿಯ ಪ್ರಕಾರ ಎಂಟು ಗಂಟೆಗೆ ಮಲ್ಪೆಗೆ ಹೊರಡಬೇಕಿತ್ತು. ಮಗಳು ಫಜ್ರ್ ನಮಾಝ್ ಮಾಡಿ ಮತ್ತೆ ಮಲಗಿದವಳು ಎದ್ದಿರಲಿಲ್ಲ. ಎಂಟೂವರೆಗೆ ಎಬ್ಬಿಸಿದೆ. “ಅಮ್ಮಿ, ಇದೂ ಟೈಮ್‌ಟೇಬಲ್ಲಾ?” ಎಂದಳು. ಜಗಳದ ದನಿಯಲ್ಲ, ತೀರಾ ದಣಿದ ದನಿ. ನಾನು ಏನೂ ಹೇಳದೆ ಹೊರಬಂದು ಜಗಲಿಯಲ್ಲಿ ಕುಳಿತೆ. ಪತಿ ನನ್ನ ಕೈಯಲ್ಲಿದ್ದ ಪಟ್ಟಿಯನ್ನು ತೆಗೆದುಕೊಂಡು, “ಮಲ್ಪೆಯ ದ್ವೀಪ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದು ಮಡಚಿ ಜೇಬಿಗೆ ಹಾಕಿಕೊಂಡರು. ಆ ದಿನ ಅವಳು ಎದ್ದದ್ದು ಹನ್ನೊಂದೂವರೆಗೆ.

ನಾನು ಮದ್ರಸದಲ್ಲಿ ಪ್ರತಿ ವರ್ಷವೂ ಕಲಿಸುವ ಒಂದು ಪಾಠವಿದೆ. ಸಲ್ಮಾನ್ ಫಾರ್ಸಿ(ರ)ಯವರು ತಮ್ಮ ಸಹೋದರನಂತಿದ್ದ ಅಬುದ್ದರ್ದಾ(ರ)ರ ಮನೆಗೆ ಹೋಗುತ್ತಾರೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಅವರು ತಮ್ಮನ್ನೂ ಮನೆಯವರನ್ನೂ ಮರೆತಿರುವುದನ್ನು ಕಾಣುತ್ತಾರೆ. ಸಲ್ಮಾನ್ ಅವರನ್ನು ಒತ್ತಾಯಿಸಿ ಉಣ್ಣಿಸುತ್ತಾರೆ, ಮಲಗಿಸುತ್ತಾರೆ. ಅಲ್ಲಾಹನಿಗಿರುವಂತೆ ನಮ್ಮ ದೇಹಕ್ಕೂ ಮನೆಯವರಿಗೂ ನಮ್ಮ ಮೇಲೆ ಹಕ್ಕುಗಳಿವೆ ಎಂದು ತಿಳಿಹೇಳುತ್ತಾರೆ. ಪ್ರವಾದಿ(ಸ)ಯವರು ಸಲ್ಮಾನರ ಮಾತು ಸತ್ಯವೆಂದು ಒಪ್ಪುತ್ತಾರೆ. ಈ ಪಾಠದ ಮೇಲೆ ನಾನು ಮಕ್ಕಳಿಗೆ ಪ್ರಶ್ನೆ ಕೇಳುತ್ತೇನೆ, ಅಂಕ ಕೊಡುತ್ತೇನೆ. ಆರಾಧನೆಗೇ ಹೀಗೊಂದು ಮಿತಿಯಿದ್ದರೆ ಪರೀಕ್ಷೆಯ ಓದಿಗೆ ಇರಬೇಡವೇ? ನನ್ನದೇ ಮನೆಯಲ್ಲಿ ನಾಲ್ಕು ಗಂಟೆ ನಿದ್ದೆ ಮಾಡಿ ಹೋಗುತ್ತಿದ್ದ ಮಗಳ ಮುಂದೆ ನನಗೆ ಆ ಪಾಠ ನೆನಪಾಗಿರಲಿಲ್ಲ.

ಆ ಸಂಜೆ ಗಂಡಸರು ಮಸೀದಿಗೆ ಹೋಗಿದ್ದರು. ನಾನು, ಅತ್ತೆ, ಮಗಳು ಮೂವರೇ ಮರಳಿನ ಮೇಲೆ ಕುಳಿತಿದ್ದೆವು. ಕಡಲ ಬಳಿ ಮಾತನಾಡದೆ ಕುಳಿತಿದ್ದರೂ ಯಾರಿಗೂ ಮುಜುಗರವಾಗುವುದಿಲ್ಲ. ಅಲೆಗಳ ಸದ್ದೇ ಮಾತಿನ ಜಾಗವನ್ನು ತುಂಬುತ್ತದೆ. ಬಹಳ ಹೊತ್ತಿನ ಬಳಿಕ ಮಗಳು ಕಡಲನ್ನೇ ನೋಡುತ್ತಾ, “ಅಮ್ಮಿ, ಮಕ್ಕಳ ವಾರ್ಡಿನಲ್ಲಿ ಒಂದು ಮಗು ತೀರಿಹೋಯಿತು” ಎಂದಳು.

ಅದು ಕೆಲವು ತಿಂಗಳ ಹಿಂದಿನ ಮಾತು. ನಾಲ್ಕು ವರ್ಷದ ಮಗು. ಇವಳು ಕಲಿಯಲು ಹೋದ ವಿದ್ಯಾರ್ಥಿನಿ, ಗೋಡೆಯ ಬಳಿ ನಿಂತಿದ್ದಳು. ದೊಡ್ಡ ಡಾಕ್ಟರರೆಲ್ಲ ತಮ್ಮಿಂದಾದ ಪ್ರಯತ್ನವನ್ನೆಲ್ಲ ಮಾಡಿದರು. ಎಲ್ಲವೂ ಮುಗಿದಾಗ ಮಗುವಿನ ತಾಯಿ ಬಂದು ಇವಳ ಬಿಳಿ ಕೋಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಏನಾದರೂ ಮಾಡಿ ಎಂದು ಬೇಡಿದಳು. “ನಾನು ಡಾಕ್ಟರ್ ಅಲ್ಲ ಎಂದು ಹೇಳಲೂ ನನ್ನಿಂದಾಗಲಿಲ್ಲ ಅಮ್ಮಿ. ಸುಮ್ಮನೆ ನಿಂತಿದ್ದೆ. ಆ ಮಗುವಿನ ಹೆಸರು ನೆನಪಿಲ್ಲ, ಹಾಸಿಗೆಯ ನಂಬರ್ ಮಾತ್ರ ಮರೆಯುವುದಿಲ್ಲ. ಮರುದಿನ ಟೆಸ್ಟ್ ಇತ್ತು, ಹೋಗಿ ಬರೆದೆ.”

“ನನಗೆ ಯಾಕೆ ಹೇಳಲಿಲ್ಲ?” ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ, ನನ್ನ ಮನಸ್ಸಿಗೆ ನೋವಾಗದಂತೆ ಮೆಲ್ಲನೆ ಹೇಳಿದಳು: “ಆ ದಿನ ಮನೆಗೆ ಬಂದಾಗ ನೀವು ಕೇಳಿದ್ದು, ಟೆಸ್ಟಿಗೆ ಎಷ್ಟು ಓದಿ ಆಯಿತು ಅಂತ. ಮರುದಿನ ಕೇಳಿದ್ದು, ಎಷ್ಟು ಮಾರ್ಕ್ಸ್ ಬರಬಹುದು ಅಂತ. ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೆ.”

ಸಹೋದರಿಯರೇ, ಆ ಮಾತು ಈಗಲೂ ನನ್ನೆದೆಯಲ್ಲಿದೆ. ದುಃಖದಲ್ಲಿರುವವರಿಗೆ ಹೇಳಬೇಕಾದ ಸಾಂತ್ವನದ ಮಾತುಗಳನ್ನೂ ದುಆಗಳನ್ನೂ ಬಾಯಿಪಾಠ ಮಾಡಿಸುವವಳು ನಾನು. ಆಗ ಒಂದು ಮಾತೂ ಬಾಯಿಗೆ ಬರಲಿಲ್ಲ. ಅವಳ ಕೈ ಹಿಡಿದುಕೊಂಡೆ, ಅಷ್ಟೆ. ಮಾತನಾಡಿದ್ದು ಅತ್ತೆ. “ಬೇಟಾ, ಆ ತಾಯಿ ನಿನ್ನ ಕೋಟು ಹಿಡಿದದ್ದು ನೀನು ಡಾಕ್ಟರ್ ಅಂತಲ್ಲ. ಎಲ್ಲರೂ ಆಚೆ ಹೋದಾಗ ನೀನು ಅಲ್ಲೇ ನಿಂತಿದ್ದೆ, ಅದಕ್ಕೆ. ಆ ಹೊತ್ತಿಗೆ ಅವಳಿಗೆ ಬೇಕಾದದ್ದೂ ಅದೇ” ಎಂದರು. ಮಗಳು ದಾದಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಕತ್ತಲಾಗುವವರೆಗೆ ನಾವು ಅಲ್ಲಿಯೇ ಇದ್ದೆವು.

ಮೂರನೇ ದಿನ ಅವಳಾಗಿಯೇ ಫಜ್ರ್ ಆದ ಕೂಡಲೇ “ನೀರಿಗೆ ಹೋಗೋಣ” ಎಂದಳು. ಆ ಹೊತ್ತಿಗೆ ದಂಡೆಯಲ್ಲಿ ಜನರಿರುವುದಿಲ್ಲ, ಹೆಂಗಸರಿಗೆ ನಿರಾಳ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಉದ್ದನೆಯ ಬುರ್ಖಾ, ದುಪಟ್ಟಾ, ಸೀರೆ ನೀರಿನಲ್ಲಿ ನೆನೆದರೆ ಬಹಳ ಭಾರವಾಗುತ್ತವೆ, ಅಲೆ ಹಿಂದೆ ಸರಿಯುವಾಗ ಕಾಲಿಗೆ ಸುತ್ತಿಕೊಂಡು ಬೀಳಿಸುತ್ತವೆ. ಮೈಮುಚ್ಚುವ, ಆದರೆ ಹಗುರವಾದ, ಗಿಡ್ಡ ಕುರ್ತಾ ಮತ್ತು ಸಲ್ವಾರ್, ಪಿನ್ ಹಾಕಿ ಬಿಗಿಯಾಗಿ ಕಟ್ಟಿದ ಸ್ಕಾರ್ಫ್ ಒಳ್ಳೆಯದು. ಮೊಣಕಾಲಿಗಿಂತ ಹೆಚ್ಚು ಆಳಕ್ಕೆ ಇಳಿಯಬಾರದು.

ನಮ್ಮ ಮಗ ಮಾತ್ರ ಅಲೆಗಳಿಲ್ಲದ ಒಂದು ಕಡೆ ನೀರು ಶಾಂತವಾಗಿದೆಯೆಂದು ಅತ್ತ ಓಡಿದ. ಬಲೆ ಸರಿಪಡಿಸುತ್ತಿದ್ದ ವೃದ್ಧರೊಬ್ಬರು ಜೋರಾಗಿ ಕೂಗಿ ಅವನನ್ನು ತಡೆದರು. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ನೀರು ಸುಮ್ಮನಿದ್ದಂತೆ ಕಂಡರೆ, ದಡಕ್ಕೆ ಬಂದ ನೀರು ಆ ಜಾಗದಿಂದಲೇ ರಭಸವಾಗಿ ಕಡಲಿಗೆ ಮರಳುತ್ತಿರುತ್ತದೆ ಎಂದು ತಿಳಿಸಿದರು. ಹೊಸಬರು ಮೋಸಹೋಗುವುದು ಅಲ್ಲಿಯೇ. ಆ ಸೆಳೆತಕ್ಕೆ ಸಿಕ್ಕಿದವರು ನೇರವಾಗಿ ದಡದ ಕಡೆಗೆ ಈಜಲು ಹೋಗಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಬಳಿಕ ದಡಕ್ಕೆ ಬರಬೇಕು. ಈಜು ಬಾರದವರು ಗಾಬರಿಯಾಗದೆ ತೇಲುತ್ತಾ ಕೈಯೆತ್ತಿ ಕೂಗಬೇಕು. ಸೋಮೇಶ್ವರದಂತಹ ಬಂಡೆಗಳಿರುವ ಕಡೆ ನೀರಿಗಿಳಿಯದಿರುವುದೇ ಕ್ಷೇಮ. ಮಳೆಗಾಲದಲ್ಲಂತೂ ಮೀನುಗಾರರೇ ಕಡಲಿಗೆ ಹೆದರುತ್ತಾರೆ. ಮಕ್ಕಳಿರುವವರು ಜೀವರಕ್ಷಕರಿರುವ ತೀರವನ್ನೇ ಆರಿಸಿಕೊಳ್ಳಬೇಕು, ಅವರು ಸೀಟಿ ಊದಿದರೆ ಕೂಡಲೇ ಹಿಂದೆ ಬರಬೇಕು.

ಆ ವೃದ್ಧರ ಮನೆ ಮೊದಲು ಈಗಿನ ನೀರಿನ ಅಂಚಿನಲ್ಲಿತ್ತಂತೆ. ಕಡಲ್ಕೊರೆತಕ್ಕೆ ತೆಂಗಿನ ಮರಗಳೂ ಮನೆಯೂ ಹೋದವು. ಉಳ್ಳಾಲದ ಸುತ್ತಮುತ್ತ ದಂಡೆಯುದ್ದಕ್ಕೂ ಸುರಿದಿರುವ ಕಪ್ಪು ಬಂಡೆಗಳು ಅದನ್ನು ತಡೆಯಲೆಂದೇ ಹಾಕಿದವು. “ನಿಮಗೆ ಕಡಲು ನೋಡುವುದಕ್ಕೆ, ನಮಗೆ ಕಾಯುವುದಕ್ಕೆ” ಎಂದು ಅವರು ನಕ್ಕರು. ಮಗಳು ಅವರ ಬಳಿ ಕುಳಿತು ಬಹಳ ಹೊತ್ತು ಮಾತನಾಡಿದಳು. ಪುಸ್ತಕದಲ್ಲಿಲ್ಲದ ವಿಷಯದ ಬಗ್ಗೆ ಅವಳು ಅಷ್ಟೊಂದು ಆಸಕ್ತಿಯಿಂದ ಕೇಳಿದ್ದನ್ನು ನಾನು ನೋಡಿ ಎರಡು ವರ್ಷವಾಗಿತ್ತು.

ಮಧ್ಯಾಹ್ನದ ಮೇಲೆ ಅವಳೇ ನನ್ನ ಪಟ್ಟಿಯನ್ನು ಕೇಳಿ ಪಡೆದು, ಒಂದನ್ನು ಉಳಿಸಿ ಉಳಿದದ್ದನ್ನೆಲ್ಲ ಹೊಡೆದುಹಾಕಿದಳು. ಉಳಿದದ್ದು ಬೇಕಲ. ತಲಪಾಡಿ ಗಡಿ ದಾಟಿ ಕಾಸರಗೋಡಿನ ದಾರಿಯಲ್ಲಿ ಹೋಗುವಾಗ ಮಲಯಾಳದ ಜೊತೆ ಕನ್ನಡ ಬೋರ್ಡುಗಳೂ ಕಾಣುತ್ತವೆ. 1956ರಲ್ಲಿ ಈ ಪ್ರದೇಶ ಕೇರಳಕ್ಕೆ ಸೇರಿದರೂ ಇಲ್ಲಿ ಕನ್ನಡ ಉಳಿದಿದೆ. ಚಹಾ ಅಂಗಡಿಯವರು ನಮ್ಮ ಮೈಸೂರು ಕನ್ನಡ ಕೇಳಿ ತಾವಾಗಿಯೇ ಮಾತಿಗೆ ಬಂದರು. ಬೇಕಲ ಕೋಟೆಯನ್ನು 17ನೇ ಶತಮಾನದಲ್ಲಿ ಕಟ್ಟಿಸಿದವರು ಕೆಳದಿಯ ಶಿವಪ್ಪ ನಾಯಕರು. ಮುಂದೆ ಅದು ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿನ ಕೈಯಲ್ಲಿತ್ತು. ಸುಮಾರು 40 ಎಕರೆ ವಿಸ್ತಾರದ ಕೆಂಪು ಮುರಕಲ್ಲಿನ ಕೋಟೆ, ಮೂರು ಸುತ್ತಲೂ ಕಡಲು. ನಡುವಿನ ಎತ್ತರದ ಬುರುಜಿಗೆ ಮೆಟ್ಟಿಲುಗಳ ಬದಲು ಅಗಲವಾದ ಇಳಿಜಾರು ದಾರಿಯಿದೆ, ಹೀಗಾಗಿ ಅತ್ತೆಯೂ ಮೆಲ್ಲನೆ ಹತ್ತಿದರು. ಶ್ರೀರಂಗಪಟ್ಟಣದ ಕೋಟೆಯನ್ನು ನೋಡಿ ಬೆಳೆದ ನಮಗೆ, ಅದೇ ಅರಸರ ಕೋಟೆಯೊಂದು ಕಾವೇರಿಯ ಬದಲು ಕಡಲ ಮಧ್ಯೆ ನಿಂತಂತೆ ಕಂಡಿತು. ಒಂದೇ ಜಾಗ ನೋಡಿದ್ದರಿಂದ ಯಾರಿಗೂ ಅವಸರವಿರಲಿಲ್ಲ. ಸೂರ್ಯ ಮುಳುಗುವವರೆಗೆ ಕುಳಿತಿದ್ದೆವು.

ಕೊನೆಯ ದಿನ ಬೆಳಗ್ಗೆ ಖಾಲಿ ದಂಡೆಯಲ್ಲಿ ಮಗಳು, “ಅಮ್ಮಿ, ಓಟ ಪಂದ್ಯ!” ಎಂದಳು. ನಾನು, “ಈ ವಯಸ್ಸಿನಲ್ಲಿ ನನ್ನಿಂದಾಗದು” ಎಂದೆ. ಅವಳು ಬಿಡಲಿಲ್ಲ. ಪ್ರಯಾಣವೊಂದರಲ್ಲಿ ಪ್ರವಾದಿ(ಸ)ಯವರೂ ಹಝ್ರತ್ ಆಇಶಾ(ರ)ರೂ ಓಟದ ಸ್ಪರ್ಧೆ ಮಾಡಿದ್ದು, ಮೊದಲ ಸಲ ಆಇಶಾ(ರ) ಗೆದ್ದದ್ದು, ಕೆಲವು ಕಾಲದ ನಂತರ ಇನ್ನೊಮ್ಮೆ ಸೋತದ್ದು, ಇದನ್ನೆಲ್ಲ ಅವಳಿಗೆ ಚಿಕ್ಕಂದಿನಲ್ಲಿ ಕಥೆಯಾಗಿ ಹೇಳಿದ್ದು ನಾನೇ. ಅದನ್ನು ನನಗೇ ಹೇಳಿದಳು. ಇನ್ನೇನು ಮಾಡಲಿ, ಓಡಿದೆ. ಇಪ್ಪತ್ತು ಹೆಜ್ಜೆಗೆ ಉಸಿರು ಕಟ್ಟಿತು. ಮರಳಿನಲ್ಲಿ ಕುಸಿದು ಕುಳಿತ ನನ್ನನ್ನು ನೋಡಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಆ ನಗುವನ್ನು ನಾನು ಮರೆತೇಹೋಗಿದ್ದೆ.

ಮೈಸೂರಿಗೆ ಬಂದು ಬಟ್ಟೆ ತೆಗೆಯುವಾಗ ಪೆಟ್ಟಿಗೆಯ ತಳದಲ್ಲಿ ಮೆಡಿಸಿನ್ ಪುಸ್ತಕ ಇಟ್ಟ ಹಾಗೆಯೇ ಇತ್ತು, ರಟ್ಟಿನ ಮೇಲೆ ಒಂದಿಷ್ಟು ಮರಳು. ಮಗಳು ಅದನ್ನು ಕೊಡವುತ್ತಾ, “ಇದನ್ನು ಯಾರು ಇಟ್ಟರು?” ಎಂದಳು. ನಾನು ಒಪ್ಪಿಕೊಂಡೆ. ಓದಿದ್ದು ಮೆದುಳಿನಲ್ಲಿ ನೆಲೆಯೂರಲು ನಿದ್ದೆ ಬೇಕು, ನಿದ್ದೆಗೆಟ್ಟು ಓದಿದ್ದು ಬೇಗ ಮರೆತುಹೋಗುತ್ತದೆ ಎಂದು ಅವಳು ನನಗೆ ಪಾಠ ಮಾಡಿದಳು. ನಾನು ವಿದ್ಯಾರ್ಥಿನಿಯಂತೆ ಕೇಳಿದೆ.

ನಾಲ್ಕು ದಿನದ ಪ್ರವಾಸದಿಂದ ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಆ ಮಗುವಿನ ನೆನಪು ಅವಳಿಗೆ ಈಗಲೂ ಬರುತ್ತದೆ. ಆದರೆ ಅವಳು ಅದನ್ನು ತನ್ನ ಪ್ರಾಧ್ಯಾಪಕಿಯೊಬ್ಬರಿಗೆ ಹೇಳಿಕೊಂಡಿದ್ದಾಳೆ, ನನಗೂ ಹೇಳುತ್ತಾಳೆ. ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ್ದ ಕಾರ್ಯಪಡೆಯು 2024ರಲ್ಲಿ ವರದಿ ನೀಡಿತು. ಅದರ ಸಮೀಕ್ಷೆಯಲ್ಲಿ ಉತ್ತರಿಸಿದ 25,590 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಲ್ಲಿ ಶೇ. 27.8 ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆಯಿದೆ ಎಂದು ಹೇಳಿಕೊಂಡಿದ್ದರು. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ದಿನಕ್ಕೆ ಏಳೆಂಟು ಗಂಟೆ ನಿದ್ದೆ ಮಾಡಬೇಕೆಂದು ಅದೇ ವರದಿ ಸಲಹೆ ನೀಡಿದೆ. ಬೇಸರ ವಾರಗಟ್ಟಲೆ ಬಿಡದಿದ್ದರೆ, ನಿದ್ದೆ ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ ಪ್ರವಾಸ ಸಾಲದು, ವೈದ್ಯರ ನೆರವು ಬೇಕು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಜ್ವರ ಬಂದರೆ ನಾವು ಡಾಕ್ಟರರ ಬಳಿ ಹೋಗುವುದಿಲ್ಲವೇ?

ಎಲ್ಲರಿಗೂ ಕಡಲಿಗೆ ಹೋಗಲು ಸಾಧ್ಯವಾಗದು. ನಮಗೂ ಪ್ರತಿ ವರ್ಷ ಆಗದು. ಈಗ ನಾವು ಒಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಭಾನುವಾರ ಬೆಳಿಗ್ಗೆ ನಾನೂ ಅವಳೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆಯುತ್ತೇವೆ. ಆ ಒಂದು ಗಂಟೆಯಲ್ಲಿ ಅಂಕ, ಪರೀಕ್ಷೆ, ರ‍್ಯಾಂಕ್ ಯಾವುದನ್ನೂ ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಮೊದಲ ಭಾನುವಾರ ಬಾಯಿ ಬಿಗಿಹಿಡಿಯುವುದು ನನಗೆ ಬಹಳ ಕಷ್ಟವಾಯಿತು.

ಇವತ್ತು ಸಂಜೆ ನಿಮ್ಮ ಮಗಳೋ ಮಗನೋ ಕಾಲೇಜಿನಿಂದ ಮನೆಗೆ ಬಂದಾಗ, “ಎಷ್ಟು ಓದಿದೆ?” ಎಂಬ ಪ್ರಶ್ನೆಯನ್ನು ಒಂದು ದಿನದ ಮಟ್ಟಿಗೆ ಬದಿಗಿಡಿ. “ಈ ದಿನ ಹೇಗಿತ್ತು ಬೇಟಾ?” ಎಂದು ಕೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಉತ್ತರ ಕೂಡಲೇ ಬರಲಿಕ್ಕಿಲ್ಲ. ನನಗೆ ಆ ಉತ್ತರ ಸಿಗಲು 250 ಕಿ.ಮೀ. ಹೋಗಬೇಕಾಯಿತು.